ಪತ್ರಿಕೆ ಯಾರ ಕಡೆ ವಾಲಿದೆ? ಎರಡು ವಾರದಲ್ಲಿ ಅಳೆದು ನೋಡುವ ಬಗೆ

ಚುನಾವಣೆ ಬಂತೆಂದರೆ ‘ಆ ಚಾನೆಲ್ ಅವರದ್ದು, ಈ ಪೇಪರ್ ಇವರದ್ದು’ ಎಂಬ ಮಾತು ಅರಳಿಕಟ್ಟೆಯಿಂದ ವಾಟ್ಸ್‌ಆ್ಯಪ್ ಗುಂಪಿನವರೆಗೆ ಓಡಾಡುತ್ತದೆ. ಮಾತು ಸುಳ್ಳೆಂದಲ್ಲ. ಆದರೆ ಹೇಳುವವರ ತಕ್ಕಡಿಯೂ ನೆಟ್ಟಗಿರುವುದಿಲ್ಲ. 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ಟೀನ್ ನಿರಾಶ್ರಿತರ ಹತ್ಯಾಕಾಂಡದ ಟಿವಿ ವರದಿಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದರು. ಇಬ್ಬರೂ ನೋಡಿದ್ದು ಅವೇ ತುಣುಕುಗಳನ್ನು. ಇಬ್ಬರೂ ಹೇಳಿದ್ದು ‘ಇದು ನಮ್ಮ ವಿರುದ್ಧ ಇದೆ’ ಎಂದೇ. 1985ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನೆನಪಿಟ್ಟುಕೊಂಡರೆ ಒಂದು ವಿಷಯ ಸ್ಪಷ್ಟ: ಓದುವಾಗ ಬರುವ ಸಿಟ್ಟು ಪುರಾವೆಯಲ್ಲ. ಎಣಿಸಬೇಕು, ಎಣಿಸಿದ್ದನ್ನು ಯಾವುದಾದರೂ ಒಂದು ಅಳತೆಗೋಲಿನ ಪಕ್ಕ ಇಡಬೇಕು.

ಇಲ್ಲಿ ಹೇಳುವ ವಿಧಾನ ಮೂರು ಜನರ ಗುಂಪಿಗೆ ಸಾಕಾಗುವಂಥದ್ದು: ಪತ್ರಿಕೋದ್ಯಮದ ವಿದ್ಯಾರ್ಥಿಗಳಾಗಲಿ, ಊರಿನ ಓದುಗರ ಬಳಗವಾಗಲಿ. ಬೇಕಾದದ್ದು ಎರಡು ಪತ್ರಿಕೆಯ ಪ್ರತಿಗಳು, 30 ಸೆಂಟಿಮೀಟರ್ ಸ್ಕೇಲು, ಸ್ಟಾಪ್‌ವಾಚ್ ಇರುವ ಫೋನು, ಒಂದು ಎಕ್ಸೆಲ್ ಹಾಳೆ, ದಿನಕ್ಕೆ ಒಂದೂವರೆ ಗಂಟೆ.

ಎಲ್ಲಿ, ಎಂದಿನಿಂದ

ಒಂದೇ ವಿಧಾನಸಭಾ ಕ್ಷೇತ್ರ ಹಿಡಿಯಿರಿ. ಇಡೀ ರಾಜ್ಯ ಎಂದು ಹೊರಟವರು ನಾಲ್ಕನೇ ದಿನಕ್ಕೆ ಕೈಚೆಲ್ಲುತ್ತಾರೆ. ಎರಡು ದಿನಪತ್ರಿಕೆ, ಒಂದು ಸುದ್ದಿವಾಹಿನಿಯ ರಾತ್ರಿಯ ಒಂದೇ ಬುಲೆಟಿನ್, ಇಷ್ಟು ಸಾಕು.

ನಾಮಪತ್ರ ವಾಪಸಿನ ಕೊನೆಯ ದಿನದಿಂದ ಬಹಿರಂಗ ಪ್ರಚಾರ ಮುಗಿಯುವವರೆಗೆ ಎಣಿಸುವುದು ಸರಿಯಾದ ಅವಧಿ. ಅದಕ್ಕೂ ಮುಂಚೆ ಟಿಕೆಟ್ ಗದ್ದಲವೇ ಪುಟ ತುಂಬಿರುತ್ತದೆ, ಕಣದಲ್ಲಿ ಯಾರಿದ್ದಾರೆ ಎಂಬುದೇ ಖಚಿತವಿರುವುದಿಲ್ಲ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ವಾಪಸಿನ ಕೊನೆಯ ದಿನ ಏಪ್ರಿಲ್ 24, ಮತದಾನ ಮೇ 10. ಪ್ರಚಾರ ಮೇ 8ರ ಸಂಜೆಗೆ ಬಂದ್. ಅಂದರೆ ಸರಿಯಾಗಿ ಎರಡು ವಾರ. ಮುಂದಿನ ಚುನಾವಣೆಗಳಲ್ಲೂ ಈ ಅವಧಿ ಹೆಚ್ಚೂಕಡಿಮೆ ಇಷ್ಟೇ ಸಿಗುತ್ತದೆ.

ಹೊಸಬರು ಎಡವುವುದು ಆವೃತ್ತಿಯಲ್ಲಿ. ಬೆಂಗಳೂರಿನಲ್ಲಿ ಕೊಂಡ ಪತ್ರಿಕೆಯಲ್ಲಿ ಕಲಬುರಗಿಯ ಕ್ಷೇತ್ರದ ಸುದ್ದಿ ಇಲ್ಲವೆಂದು ‘ಮುಚ್ಚಿಟ್ಟರು’ ಅನ್ನುವಂತಿಲ್ಲ. ಅದು ಅಲ್ಲಿನ ಜಿಲ್ಲಾ ಪುಟದಲ್ಲಿ ಬಂದಿರುತ್ತದೆ. ಕ್ಷೇತ್ರ ಇರುವ ಜಿಲ್ಲೆಯ ಆವೃತ್ತಿಯನ್ನೇ ತರಿಸಿ. ಇ-ಪೇಪರ್ ನೋಡುವುದಾದರೆ ಜಿಲ್ಲೆ ಆಯ್ದುಕೊಂಡು ಪ್ರತಿದಿನ ಬೆಳಿಗ್ಗೆಯೇ ಪುಟ ಇಳಿಸಿಕೊಳ್ಳಿ. ಹಳೆಯ ಸಂಚಿಕೆ ಎಷ್ಟು ದಿನ ಸಿಗುತ್ತದೆಂಬ ಭರವಸೆ ಇಲ್ಲ. ಪರದೆಯ ಮೇಲೆ ಸ್ಕೇಲು ಇಟ್ಟು ಅಳೆಯಬೇಡಿ. ಪುಟದ ಎಷ್ಟು ಪಾಲು ಎಂದು ಶೇಕಡಾದಲ್ಲಿ ಬರೆಯಿರಿ.

ಜೊತೆಗೆ ಒಡೆತನದ ಒಂದು ಟಿಪ್ಪಣಿ ಮಾಡಿಟ್ಟುಕೊಳ್ಳಿ. ಪತ್ರಿಕೆಯ ಕೊನೆಯ ಪುಟದ ತಳದಲ್ಲೋ ಒಳಪುಟದ ಮೂಲೆಯಲ್ಲೋ ಮುದ್ರಕ, ಪ್ರಕಾಶಕ, ಸಂಪಾದಕರ ಸಾಲು ಇರುತ್ತದೆ. ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಮಾಲೀಕರ ವಿವರದ ‘ನಾಲ್ಕನೇ ನಮೂನೆ’ ಅಚ್ಚು ಹಾಕುವ ಪದ್ಧತಿ ಬಹಳ ಕಾಲ ನಡೆದಿದೆ, ಹಳೆಯ ಸಂಚಿಕೆಗಳಲ್ಲಿ ಅದು ಸಿಗುತ್ತದೆ. ಕೆಲವು ಸಂಬಂಧಗಳು ಗುಟ್ಟೇನಲ್ಲ: 2007ರಲ್ಲಿ ಶುರುವಾದ ಕಸ್ತೂರಿ ವಾಹಿನಿ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬದ್ದಾಗಿತ್ತು. ತಮಿಳುನಾಡಿನ ಜಯಾ ಟಿವಿ, ಕಲೈಂಜ್ಞರ್ ಟಿವಿ, ತೆಲುಗಿನ ಸಾಕ್ಷಿ ಇವೆಲ್ಲ ಯಾರ ಮನೆಯವು ಎಂದು ನೋಡುಗರಿಗೆಲ್ಲ ಗೊತ್ತು. ಹೀಗಿದ್ದರೂ ಒಡೆತನವನ್ನು ಅಂಕಕ್ಕೆ ಸೇರಿಸಬೇಡಿ. ಎಣಿಕೆ ಮುಗಿದ ಮೇಲೆ ಕಾರಣ ಹುಡುಕುವಾಗ ಅದು ಬೇಕಾಗುತ್ತದೆ. ಮೊದಲೇ ತಲೆಯಲ್ಲಿದ್ದರೆ ಕೈ ತಾನಾಗಿಯೇ ಆ ಕಡೆಗೆ ಎಳೆಯುತ್ತದೆ.

ಮೊದಲು ಅಳತೆಗೋಲು

‘ಇಬ್ಬರಿಗೂ ಸಮಾನ ಜಾಗ ಕೊಡಲಿಲ್ಲ’ ಎನ್ನುವುದು ಆರೋಪವೇ ಅಲ್ಲ. ಕಣದಲ್ಲಿ ಹದಿನೈದು ಜನ ಇರುತ್ತಾರೆ, ಅವರಲ್ಲಿ ಹತ್ತು ಮಂದಿ ಠೇವಣಿ ಕಳೆದುಕೊಳ್ಳುವ ಪಕ್ಷೇತರರು. ಎಲ್ಲರಿಗೂ ಸಮ ಹಂಚುವುದು ಪತ್ರಿಕೆಯ ಕೆಲಸವಲ್ಲ. ಹಾಗಾದರೆ ಎಷ್ಟು ಕೊಟ್ಟರೆ ನ್ಯಾಯ? ಇದಕ್ಕೆ ಎಣಿಕೆ ಶುರು ಮಾಡುವ ಮುಂಚೆಯೇ ಉತ್ತರ ಬರೆದು, ದಿನಾಂಕ ಹಾಕಿ, ಮೂವರೂ ಸಹಿ ಮಾಡಬೇಕು. ಫಲಿತಾಂಶ ನೋಡಿದ ಮೇಲೆ ಅಳತೆಗೋಲು ಆರಿಸುವವರು ತಮಗೆ ಬೇಕಾದ ಉತ್ತರವನ್ನೇ ಪಡೆಯುತ್ತಾರೆ.

ಬಳಕೆಯಲ್ಲಿರುವ ಅಳತೆಗೋಲು ಮೂರು. ಹಿಂದಿನ ಚುನಾವಣೆಯ ಮತಪ್ರಮಾಣ ಒಂದು. ಸುಲಭ, ಆದರೆ ಹೊಸ ಅಭ್ಯರ್ಥಿಗೆ ಅನ್ಯಾಯ ಮಾಡುತ್ತದೆ. ಮುಖ್ಯ ಮೂವರಿಗೆ ಸಮಪಾಲು ಎನ್ನುವುದು ಇನ್ನೊಂದು. ತ್ರಿಕೋನ ಸ್ಪರ್ಧೆ ನಿಜವಾಗಿ ಇರುವಲ್ಲಿ ಮಾತ್ರ ನಡೆಯುತ್ತದೆ. ಮೂರನೆಯದು ಸ್ವಲ್ಪ ಕೆಲಸದ್ದು, ಆದರೆ ನಂಬಿಕೆಗೆ ಹೆಚ್ಚು ಅರ್ಹ: ಪ್ರತಿ ಅಭ್ಯರ್ಥಿ ಆ ದಿನ ನಡೆಸಿದ ಕಾರ್ಯಕ್ರಮಗಳ ಪಟ್ಟಿ. ಪ್ರಚಾರ ಕಚೇರಿಯವರು ಹಿಂದಿನ ರಾತ್ರಿಯೇ ಪತ್ರಕರ್ತರ ಗುಂಪಿಗೆ ಮರುದಿನದ ಪ್ರವಾಸ ವಿವರ ಹಾಕುತ್ತಾರೆ, ಅವರ ಫೇಸ್‌ಬುಕ್ ಪುಟದಲ್ಲೂ ಬರುತ್ತದೆ. ಆ ಪಟ್ಟಿಯಲ್ಲಿ ಎಷ್ಟು ಸಭೆ ಅಚ್ಚಾಯಿತು, ಎಷ್ಟು ಬಿಟ್ಟುಹೋಯಿತು ಎಂದು ನೋಡಿದರೆ ‘ಬರೆಯದೆ ಬಿಟ್ಟದ್ದು’ ಕೂಡ ಎಣಿಕೆಗೆ ಸಿಗುತ್ತದೆ. ಪಕ್ಷಪಾತದ ದೊಡ್ಡ ಪಾಲು ಇರುವುದು ಅಚ್ಚಾಗದ್ದರಲ್ಲಿ, ಅದನ್ನು ಪತ್ರಿಕೆಯೊಳಗೆ ಹುಡುಕಿದರೆ ಎಲ್ಲಿ ಸಿಗಬೇಕು?

ಬಿಟ್ಟದ್ದನ್ನು ಹಿಡಿಯಲು ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ಸುಪ್ರೀಂ ಕೋರ್ಟ್‌ನ 2018ರ ಸೆಪ್ಟೆಂಬರ್ ತೀರ್ಪಿನ ನಂತರ, ತಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇರುವ ಅಭ್ಯರ್ಥಿ ಆ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ, ಟಿವಿಯಲ್ಲಿ ಪ್ರಕಟಿಸಬೇಕು. ಸಣ್ಣ ಅಕ್ಷರದ ಜಾಹೀರಾತಾಗಿ ಅದು ಬರುತ್ತದೆ. ನಾಮಪತ್ರದ ಜೊತೆಗಿನ 26ನೇ ನಮೂನೆಯ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಮುಖ್ಯ ಅಭ್ಯರ್ಥಿಗಳ ಪ್ರಕರಣ, ಆಸ್ತಿ, ಸಾಲ ಮೂರನ್ನೂ ಬರೆದಿಟ್ಟುಕೊಳ್ಳಿ. ಒಬ್ಬರ ಪ್ರಕರಣಗಳ ಬಗ್ಗೆ ನಾಲ್ಕು ವರದಿ, ಅಷ್ಟೇ ಪ್ರಕರಣ ಇರುವ ಇನ್ನೊಬ್ಬರ ಬಗ್ಗೆ ಒಂದೂ ಇಲ್ಲ ಎಂದಾದರೆ, ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಶೀರ್ಷಿಕೆಯಲ್ಲೂ ಸಿಗುವುದಿಲ್ಲ.

ಹಾಳೆ ಹೇಗಿರಬೇಕು

ಒಂದು ಸುದ್ದಿಗೆ ಒಂದು ಸಾಲು. ಒಂದೇ ಸುದ್ದಿಯಲ್ಲಿ ಇಬ್ಬರು ಅಭ್ಯರ್ಥಿಗಳಿದ್ದರೆ ಎರಡು ಸಾಲು, ಇಬ್ಬರಿಗೂ ಬೇರೆ ಬೇರೆ ಅಂಕ. ಕಾಲಂಗಳು: ದಿನಾಂಕ, ಪತ್ರಿಕೆ, ಪುಟ, ಅಭ್ಯರ್ಥಿ, ಕಾಲಂ ಸೆಂಟಿಮೀಟರ್, ಚಿತ್ರ ಇದೆಯೇ, ಬೈಲೈನ್ (ವರದಿಗಾರರ ಹೆಸರು) ಇದೆಯೇ, ವಿಷಯ, ಧಾಟಿ, ಎದುರಾಳಿಯ ಮಾತು ಇದೆಯೇ. ಒಂದು ಸಾಲು ಹೀಗೆ ಕಾಣುತ್ತದೆ:

28-4 | ಪತ್ರಿಕೆ 1 | ಪುಟ 3 | ಅಭ್ಯರ್ಥಿ ಕ | 4 ಕಾಲಂ × 12 ಸೆಂ.ಮೀ. = 48 | ಚಿತ್ರ ಇದೆ, 3 ಕಾಲಂ | ಬೈಲೈನ್ ಇಲ್ಲ | ರಸ್ತೆ ಕಾಮಗಾರಿ | + | ಎದುರಾಳಿಯ ಮಾತು ಇಲ್ಲ

ಕಾಲಂ ಸೆಂಟಿಮೀಟರ್ ಎಂದರೆ ಸುದ್ದಿ ಹರಡಿದ ಕಾಲಂಗಳ ಸಂಖ್ಯೆಯನ್ನು ಎತ್ತರದಿಂದ ಗುಣಿಸಿದ್ದು. ಶೀರ್ಷಿಕೆ, ಚಿತ್ರ ಎರಡನ್ನೂ ಸೇರಿಸಿ ಅಳೆಯಿರಿ. ದೊಡ್ಡ ಪತ್ರಿಕೆಯ ಪುಟ ಸಾಮಾನ್ಯವಾಗಿ 8 ಕಾಲಂ, 50 ಸೆಂಟಿಮೀಟರ್ ಆಸುಪಾಸಿನ ಎತ್ತರ. ಒಂದು ಪೂರ್ತಿ ಪುಟ ಸುಮಾರು 400 ಕಾಲಂ ಸೆಂಟಿಮೀಟರ್. ನಿಮ್ಮ ಪತ್ರಿಕೆಗಳ ಪುಟ ವಿನ್ಯಾಸ ಬೇರೆ ಬೇರೆ ಇದ್ದರೆ ಪ್ರತಿಯೊಂದನ್ನೂ ಅದರದೇ ಪುಟದ ಶೇಕಡಾವಾರಿಗೆ ತಿರುಗಿಸಿ ಹೋಲಿಸಿ.

ವಿಷಯದ ಕಾಲಂಗೆ ಐದು ಆಯ್ಕೆ ಸಾಕು: ಕೆಲಸ-ಕಾಮಗಾರಿ, ಆರೋಪ-ಪ್ರಕರಣ, ಜಾತಿ ಲೆಕ್ಕಾಚಾರ, ಸೋಲು-ಗೆಲುವಿನ ಊಹೆ, ವೈಯಕ್ತಿಕ. ‘ಕ್ಷೇತ್ರದಲ್ಲಿ ಇಂಥ ಸಮುದಾಯದ ಮತ ಇಷ್ಟು ಸಾವಿರ’ ಎಂಬ ಲೆಕ್ಕಕ್ಕೆ ಮೂಲ ಯಾವುದು ಎಂದು ವರದಿ ಹೇಳುತ್ತದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಮತದಾರರ ಪಟ್ಟಿಯಲ್ಲಿ ಜಾತಿ ಇರುವುದಿಲ್ಲ. ಆ ಅಂಕಿಗಳು ಹೆಚ್ಚಾಗಿ ಪಕ್ಷಗಳ ಕಚೇರಿಯಿಂದ ಬಂದವು.

ಸಚಿವರೇ ಅಭ್ಯರ್ಥಿಯಾಗಿದ್ದರೆ ಇನ್ನೊಂದು ಕಾಲಂ: ಸುದ್ದಿ ಬಂದದ್ದು ಸಚಿವರಾಗಿಯೋ, ಅಭ್ಯರ್ಥಿಯಾಗಿಯೋ. ನೀತಿ ಸಂಹಿತೆ ಜಾರಿಯಾದ ಮೇಲೆ ಉದ್ಘಾಟನೆ, ಶಂಕುಸ್ಥಾಪನೆ ಇರಬಾರದು. ಇದ್ದಂತೆ ಕಂಡರೆ ಅದು ಬೇರೆಯದೇ ದೂರು.

ಧಾಟಿ: ಇಲ್ಲಿ ಕಣ್ಣು ಚುರುಕಾಗಿರಲಿ

ಧಾಟಿಗೆ ಮೂರೇ ಗುರುತು: +, 0, −. ಐದು ಹಂತ, ಏಳು ಹಂತ ಎಂದು ಮಾಡಿದರೆ ಇಬ್ಬರು ಎಂದೂ ಒಪ್ಪುವುದಿಲ್ಲ. ಪ್ರಶ್ನೆಯೂ ಒಂದೇ: ಈ ಅಭ್ಯರ್ಥಿಯ ಬಗ್ಗೆ ಏನೂ ಗೊತ್ತಿಲ್ಲದ ಓದುಗ ಇದಿಷ್ಟನ್ನೇ ಓದಿದರೆ ಅವನ ಮನಸ್ಸು ಯಾವ ಕಡೆ ಸರಿಯುತ್ತದೆ? ಸುದ್ದಿ ಕೆಟ್ಟದ್ದಿರುವುದಕ್ಕೂ ಬರವಣಿಗೆ ವಾಲಿರುವುದಕ್ಕೂ ವ್ಯತ್ಯಾಸವಿದೆ. ಅಭ್ಯರ್ಥಿಯ ಮೇಲೆ ಎಫ್‌ಐಆರ್ ದಾಖಲಾದರೆ ಅದನ್ನು ಬರೆಯುವುದು ಪಕ್ಷಪಾತವಲ್ಲ. ಅದಕ್ಕಾಗಿ ಧಾಟಿಯ ಅಂಕವನ್ನು ಪದಪ್ರಯೋಗಕ್ಕೆ ಕೊಡಿ, ಘಟನೆಗೆ ಬೇಡ.

ಉದಾಹರಣೆಗಾಗಿ ಕಟ್ಟಿದ ಮೂರು ಶೀರ್ಷಿಕೆ ನೋಡಿ. ಸಭೆ ಒಂದೇ, ಭಾಷಣ ಒಂದೇ.

‘ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿಲ್ಲ: ಅಭ್ಯರ್ಥಿ ಆರೋಪ’
‘ಆಸ್ಪತ್ರೆ ಅವ್ಯವಸ್ಥೆ ಬಯಲಿಗೆಳೆದ ಅಭ್ಯರ್ಥಿ’
‘ಆಸ್ಪತ್ರೆ ಹೆಸರಲ್ಲೂ ರಾಜಕೀಯ’

ಮೊದಲನೆಯದಕ್ಕೆ 0. ಎರಡನೆಯದಕ್ಕೆ +, ಏಕೆಂದರೆ ‘ಬಯಲಿಗೆಳೆದ’ ಎಂದ ಕೂಡಲೇ ಆರೋಪ ನಿಜವೆಂದು ಪತ್ರಿಕೆಯೇ ಜಾಮೀನು ನಿಂತಿತು. ಮೂರನೆಯದಕ್ಕೆ −, ಅಲ್ಲಿ ವೈದ್ಯರಿದ್ದಾರೋ ಇಲ್ಲವೋ ಎಂಬ ಮಾತೇ ಮಾಯ, ಉಳಿದದ್ದು ಅಭ್ಯರ್ಥಿಯ ಉದ್ದೇಶದ ಮೇಲಿನ ಅನುಮಾನ. ಮೂರೂ ಶೀರ್ಷಿಕೆಗಳಲ್ಲಿ ಸುಳ್ಳು ಒಂದೂ ಇಲ್ಲ ಎಂಬುದನ್ನು ಗಮನಿಸಿ. ಸುಳ್ಳು ಹುಡುಕುವವರಿಗೆ ಪಕ್ಷಪಾತ ಸಿಗದೇ ಹೋಗುವುದು ಹೀಗೆ.

ಕ್ರಿಯಾಪದಗಳ ಒಂದು ಪಟ್ಟಿ ಗೋಡೆಗೆ ಅಂಟಿಸಿಕೊಳ್ಳಿ. ಹೇಳಿದರು, ತಿಳಿಸಿದರು, ಆರೋಪಿಸಿದರು ಇವು 0. ಸ್ಪಷ್ಟಪಡಿಸಿದರು, ಬಹಿರಂಗಪಡಿಸಿದರು, ತಕ್ಕ ಉತ್ತರ ನೀಡಿದರು ಇವು ಹೇಳಿದವರ ಕಡೆಗೆ ವಾಲುತ್ತವೆ. ಜಾರಿಕೊಂಡರು, ಹಲುಬಿದರು, ಉಲ್ಟಾ ಹೊಡೆದರು ಇವು ವಿರುದ್ಧ. ಗುಡುಗು, ಕಿಡಿ, ಟಾಂಗ್, ವಾಗ್ದಾಳಿ, ತಿರುಗೇಟು ಕನ್ನಡ ಶೀರ್ಷಿಕೆಗಳ ದಿನಬಳಕೆಯ ಒಗ್ಗರಣೆ; ಎಲ್ಲರಿಗೂ ಹಾಕುತ್ತಾರೆ, ಹಾಗಾಗಿ ಅವುಗಳಿಗೆ ಅಂಕ ಕೊಡಬೇಡಿ. ಆದರೆ ಒಂದು ವಾರದ ಕೊನೆಗೆ ನೋಡಿ: ಒಬ್ಬರು ಸದಾ ‘ಗುಡುಗುತ್ತಾರೆ’, ಇನ್ನೊಬ್ಬರು ಸದಾ ‘ಗರಂ’ ಆಗುತ್ತಾರೆ ಎಂದರೆ ಅಲ್ಲೊಂದು ಮಾದರಿ ಇದೆ.

ಅಡ್ಡಹೆಸರೂ ಹಾಗೆಯೇ. ಟಗರು, ರಾಜಾಹುಲಿ, ಕನಕಪುರ ಬಂಡೆ ಇವು ಅಭಿಮಾನಿಗಳ ಘೋಷಣೆಯಿಂದ ಹುಟ್ಟಿ ಸುದ್ದಿಯೊಳಗೆ ನುಸುಳಿದವು. ಅಭಿಮಾನಿ ಕೂಗಿದ್ದನ್ನು ಉಲ್ಲೇಖದ ಚಿಹ್ನೆಯೊಳಗೆ ಬರೆದರೆ 0, ವರದಿಗಾರನೇ ಕರೆದರೆ +. ಕನ್ನಡದಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮ ಏಕವಚನ-ಬಹುವಚನ. ಒಂದು ಪ್ರಕರಣದ ಆರೋಪಿ ‘ಆತ’, ಅದೇ ತೂಕದ ಇನ್ನೊಂದು ಪ್ರಕರಣದ ಆರೋಪಿ ‘ಅವರು’ ಆದರೆ ಬರೆದಿಟ್ಟುಕೊಳ್ಳಿ. ಟಿವಿಯಲ್ಲಿ ಇದು ಢಾಳಾಗಿ ಕೇಳಿಸುತ್ತದೆ. ಮಹಿಳಾ ಅಭ್ಯರ್ಥಿಯನ್ನು ಪ್ರತಿ ಸಲ ‘ಇಂಥವರ ಪತ್ನಿ’, ‘ಇಂಥವರ ಸೊಸೆ’ ಎಂದೇ ಪರಿಚಯಿಸುತ್ತಿದ್ದಾರೆಯೇ? ಎದುರಾಳಿ ಗಂಡಸಿನ ಮಾವ ಯಾರು ಎಂದು ಒಮ್ಮೆಯಾದರೂ ಬರೆದರೇ?

ಚಿತ್ರಕ್ಕೆ ಪ್ರತ್ಯೇಕ ಗುರುತು ಇರಲಿ. ವೇದಿಕೆಯಿಂದ ಜನರ ಕಡೆಗೆ ತೆಗೆದ ಚಿತ್ರದಲ್ಲಿ ‘ಜನಸಾಗರ’ ಕಾಣುತ್ತದೆ, ಸಭೆಯ ಹಿಂಬದಿಯಿಂದ ತೆಗೆದರೆ ಖಾಲಿ ಕುರ್ಚಿ ಕಾಣುತ್ತವೆ. ಸಭೆ ಶುರುವಾಗುವ ಮುಂಚಿನ ಕುರ್ಚಿಗಳೂ ಖಾಲಿಯೇ. ಪ್ರಶ್ನಾರ್ಥಕ ಚಿಹ್ನೆಯ ಶೀರ್ಷಿಕೆ, ‘ಮೂಲಗಳು ತಿಳಿಸಿವೆ’ ಎಂಬ ಸಾಲು, ಇವನ್ನೂ ಎಣಿಸಿ. ಹೆಸರಿಲ್ಲದ ಮೂಲಗಳು ಯಾವಾಗಲೂ ಒಬ್ಬ ಅಭ್ಯರ್ಥಿಗೇ ಕೆಟ್ಟದ್ದನ್ನು ‘ತಿಳಿಸುತ್ತಿದ್ದರೆ’ ಅದು ಕಾಕತಾಳೀಯ ಇರಲಾರದು.

ಇಬ್ಬರು ಒಪ್ಪುತ್ತೀರಾ?

ಒಬ್ಬನೇ ಕುಳಿತು ಹಾಕಿದ ಅಂಕಕ್ಕೆ ಬೆಲೆಯಿಲ್ಲ. ಇಬ್ಬರು ಪರಸ್ಪರ ನೋಡದೆ ಅವೇ ಸುದ್ದಿಗಳಿಗೆ ಗುರುತು ಹಾಕಬೇಕು. ಸಾಧ್ಯವಾದರೆ ಬೇರೆ ಬೇರೆ ಪಕ್ಷದ ಒಲವಿನವರು, ಮೂರನೆಯವರು ತೀರ್ಪುಗಾರರು. ಮೊದಲ ಎರಡು ದಿನದ ಸುದ್ದಿ ಕೇವಲ ಅಭ್ಯಾಸಕ್ಕೆ.

ಒಪ್ಪಿಗೆಯ ಲೆಕ್ಕ ಹೀಗೆ. 100 ಸುದ್ದಿಯಲ್ಲಿ 82ಕ್ಕೆ ಇಬ್ಬರೂ ಒಂದೇ ಗುರುತು ಹಾಕಿದ್ದೀರಿ ಎನ್ನಿ. 82 ಎಂದರೆ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಕಣ್ಣುಮುಚ್ಚಿ ಹಾಕಿದ್ದರೂ ಒಂದಷ್ಟು ಕೂಡುತ್ತಿದ್ದವು. ಮೊದಲನೆಯವರು 30 +, 50 ಸೊನ್ನೆ, 20 − ಹಾಕಿದ್ದಾರೆ. ಎರಡನೆಯವರು 28, 54, 18. ಆಕಸ್ಮಿಕವಾಗಿ ಕೂಡುವ ಪ್ರಮಾಣ 0.30×0.28 + 0.50×0.54 + 0.20×0.18 = 0.39. ಈಗ (0.82 − 0.39) ÷ (1 − 0.39) = 0.70. ಇದಕ್ಕೆ ಕೋಹೆನ್‌ನ ಕಪ್ಪಾ ಎನ್ನುತ್ತಾರೆ. 0.8 ದಾಟಿದರೆ ನಿರಾಳವಾಗಿ ಮುಂದುವರಿಯಿರಿ, 0.7ರ ಆಸುಪಾಸು ನಡೆಯುತ್ತದೆ, ಅದಕ್ಕಿಂತ ಕೆಳಗಿದ್ದರೆ ನಿಯಮ ಸಡಿಲವಿದೆ ಎಂದರ್ಥ. ಎಲ್ಲೆಲ್ಲಿ ಜಗಳವಾಯಿತು ಎಂದು ಕುಳಿತು ನೋಡಿ, ನಿಯಮಕ್ಕೆ ಒಂದು ಸಾಲು ಸೇರಿಸಿ, ಮತ್ತೆ ಮಾಡಿ.

ಕೊನೆಗೆ ಪ್ರತಿ ಅಭ್ಯರ್ಥಿಗೆ ನಿವ್ವಳ ಧಾಟಿ: ಪ್ಲಸ್‌ನಲ್ಲಿ ಮೈನಸ್ ಕಳೆದು ಒಟ್ಟು ಸುದ್ದಿಯಿಂದ ಭಾಗಿಸಿ. 60 ಸುದ್ದಿಯಲ್ಲಿ 24 +, 10 − ಇದ್ದವರಿಗೆ ಶೇ 23. 30 ಸುದ್ದಿಯಲ್ಲಿ 6 +, 9 − ಇದ್ದವರಿಗೆ ಮೈನಸ್ ಶೇ 10. ಒಂದೇ ಪತ್ರಿಕೆಯ ಅಂಕ ನೋಡಿ ತೀರ್ಪು ಕೊಡಬೇಡಿ. ಎರಡೂ ಪತ್ರಿಕೆಯಲ್ಲಿ ಅದೇ ಅಭ್ಯರ್ಥಿ ಮೈನಸ್ ಇದ್ದರೆ ಬಹುಶಃ ಆ ಎರಡು ವಾರ ಅವರಿಗೇ ಕೆಟ್ಟದಾಗಿತ್ತು. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಇದ್ದರೆ ಆಗ ಪತ್ರಿಕೆಗಳ ಕಡೆ ನೋಡಬೇಕು.

ಕಾಸಿಗಾಗಿ ಸುದ್ದಿ ಬೇರೆಯೇ ಪ್ರಾಣಿ

ಒಲವು ಬೇರೆ, ವ್ಯಾಪಾರ ಬೇರೆ. ದುಡ್ಡು ಪಡೆದು ಸುದ್ದಿಯ ವೇಷದಲ್ಲಿ ಅಚ್ಚು ಹಾಕುವ ‘ಪ್ಯಾಕೇಜ್’ ಪದ್ಧತಿ 2009ರ ಚುನಾವಣೆಗಳಲ್ಲಿ ಎಷ್ಟು ಹಬ್ಬಿತ್ತೆಂದರೆ ಭಾರತೀಯ ಪತ್ರಿಕಾ ಮಂಡಳಿ ಉಪಸಮಿತಿ ಮಾಡಿ 2010ರಲ್ಲಿ ವರದಿ ತರಬೇಕಾಯಿತು. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು, ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಿಲ್ಲವೆಂದು, ಚುನಾವಣಾ ಆಯೋಗ 2011ರಲ್ಲಿ ಅನರ್ಹಗೊಳಿಸಿತು.

ಗುರುತು ಹಿಡಿಯುವುದು ಕಷ್ಟವಲ್ಲ. ಎರಡು ಬೇರೆ ಪತ್ರಿಕೆಗಳಲ್ಲಿ ಪದಕ್ಕೆ ಪದ ಅದೇ ಬರಹ, ಅದೇ ಚಿತ್ರ. ಬೈಲೈನ್ ಇಲ್ಲ. ವರದಿಯೊಳಗೆ ಸಭೆಯ ಸಮಯ, ಸ್ಥಳ, ಬೇರೆಯವರ ಹೇಳಿಕೆ ಯಾವುದೂ ಇಲ್ಲದೆ ‘ಮನೆಮಗ’, ‘ಅಭಿವೃದ್ಧಿಯ ಹರಿಕಾರ’, ‘ಗೆಲುವು ನಿಶ್ಚಿತ’ ಇಂಥವೇ ತುಂಬಿರುತ್ತವೆ. ಪಕ್ಕದ ಪುಟದಲ್ಲಿ ಎದುರಾಳಿಯ ಗೆಲುವೂ ಅಷ್ಟೇ ನಿಶ್ಚಿತವಾಗಿರುವುದುಂಟು! ಅಕ್ಷರದ ವಿನ್ಯಾಸ ಒಂಚೂರು ಬೇರೆ ಇದ್ದು ಮೂಲೆಯಲ್ಲಿ ‘ಜಾಹೀರಾತು’ ಎಂಬ ಪದ ಇದ್ದರೆ ಅದು ತಪ್ಪಲ್ಲ. ಭೂತಗನ್ನಡಿ ಹಿಡಿದಾದರೂ ಮೊದಲು ಅದನ್ನು ಹುಡುಕಿ. ಒಂದು ಲಕ್ಷಣ ಸಾಲದು. ಪಕ್ಷದ ಪತ್ರಿಕಾ ಪ್ರಕಟಣೆಯನ್ನು ಸೋಮಾರಿತನದಿಂದ ಹಾಗೆಯೇ ಹಾಕಿದರೂ ಎರಡು ಕಡೆ ಒಂದೇ ಬರಹ ಬರುತ್ತದೆ. ಮೂರು ಲಕ್ಷಣ ಒಟ್ಟಿಗೆ ಸಿಕ್ಕರೆ ಮಾತ್ರ ದೂರಿನ ಕಡತಕ್ಕೆ ಸೇರಿಸಿ, ಧಾಟಿಯ ಎಣಿಕೆಯಿಂದ ಹೊರಗಿಡಿ.

ಟಿವಿ ಮತ್ತು ಫೋನು

ಟಿವಿಯಲ್ಲಿ ಅಳತೆ ಸೆಕೆಂಡಿನದು. ಅಭ್ಯರ್ಥಿಯ ಸ್ವಂತ ದನಿಯ ಬೈಟ್ ಎಷ್ಟು ಸೆಕೆಂಡು, ಆಂಕರ್ ಅವರ ಬಗ್ಗೆ ಮಾತಾಡಿದ್ದು ಎಷ್ಟು, ದನಿಯಿಲ್ಲದ ದೃಶ್ಯ ಎಷ್ಟು: ಮೂರನ್ನೂ ಬೇರೆ ಬೇರೆ ಬರೆಯಿರಿ. ಒಟ್ಟು ಸಮಯ ಸಮವಿದ್ದು, ಒಬ್ಬರು ತಮ್ಮ ಬಾಯಲ್ಲೇ ಮಾತಾಡಿದರೆ ಇನ್ನೊಬ್ಬರ ಬಗ್ಗೆ ಆಂಕರ್ ಮಾತ್ರ ಮಾತಾಡಿರುತ್ತಾರೆ. ಚರ್ಚೆಯಲ್ಲಿ ಯಾರನ್ನು ಎಷ್ಟು ಸಲ ತಡೆದರು ಎಂದು ಗೀಟು ಹಾಕುತ್ತಾ ಹೋಗಿ.

ಫೋನಿನಲ್ಲಿ ಬರುವ ಜಾಹೀರಾತಿಗೆ ಮೆಟಾದ ಆ್ಯಡ್ ಲೈಬ್ರರಿ, ಗೂಗಲ್‌ನ ಜಾಹೀರಾತು ಪಾರದರ್ಶಕತೆ ಕೇಂದ್ರ ಎರಡೂ ಎಲ್ಲರಿಗೂ ತೆರೆದಿವೆ. ಮೆಟಾದಲ್ಲಿ ದೇಶ ಭಾರತ, ವಿಭಾಗ ರಾಜಕೀಯ ಎಂದು ಆಯ್ದು ಅಭ್ಯರ್ಥಿಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಖರ್ಚು ಖಚಿತ ಮೊತ್ತವಾಗಿ ಅಲ್ಲ, ಇಷ್ಟರಿಂದ ಇಷ್ಟು ಎಂದು ಕಾಣುತ್ತದೆ; ಯಾರು ಹಣ ಕೊಟ್ಟರು ಎಂಬ ಸಾಲೂ ಇರುತ್ತದೆ. ಅಭ್ಯರ್ಥಿಯ ಹೆಸರಿಲ್ಲದ ಟ್ರೋಲ್ ಪುಟಗಳಲ್ಲಿ ಆ ಸಾಲನ್ನು ವಿಶೇಷವಾಗಿ ನೋಡಿ. ವಾಟ್ಸ್‌ಆ್ಯಪ್‌ಗೆ ಇಂಥ ಕಿಟಕಿಯಿಲ್ಲ.

ಸಮೀಕ್ಷೆಯ ಅಂಕಿಯನ್ನು ಹೀಗೆ ಬಿಚ್ಚಿ

ಜನಾಭಿಪ್ರಾಯ ಎಂದು ಟಿವಿ ತೋರಿಸುವುದರಲ್ಲಿ ಎರಡು ಅಂಕಿಗಳಿರುತ್ತವೆ: ಮತಪ್ರಮಾಣ ಮತ್ತು ಸೀಟು. ಸಮೀಕ್ಷೆ ನಿಜವಾಗಿ ಅಳೆಯುವುದು ಮೊದಲನೆಯದನ್ನು. ಎರಡನೆಯದು ಲೆಕ್ಕಾಚಾರದ ಊಹೆ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು ಮತ, ಬಿಜೆಪಿಗೆ ಶೇ 36ರಷ್ಟು. ಆದರೆ ಸೀಟು ಕಾಂಗ್ರೆಸ್‌ಗೆ 78, ಬಿಜೆಪಿಗೆ 104. 2023ರಲ್ಲಿ ಬಿಜೆಪಿ ಮತಪ್ರಮಾಣ ಹೆಚ್ಚೂಕಡಿಮೆ ಅಲ್ಲೇ, ಶೇ 36ರಲ್ಲೇ ನಿಂತಿತು. ಸೀಟು 66ಕ್ಕೆ ಇಳಿಯಿತು. ಜೆಡಿಎಸ್‌ನ ಸುಮಾರು ಐದು ಶೇಕಡಾ ಮತ ಕರಗಿ ಕಾಂಗ್ರೆಸ್ ಶೇ 43ಕ್ಕೆ ಏರಿದ್ದೇ 135 ಸೀಟಿನ ಗುಟ್ಟು. ಹಾಗಾಗಿ ಸೀಟು ಮಾತ್ರ ಹೇಳಿ ಮತಪ್ರಮಾಣ ಹೇಳದ ಸಮೀಕ್ಷೆಯನ್ನು ಸುಮ್ಮನೆ ಪಕ್ಕಕ್ಕಿಡಿ.

ಮಾದರಿಯ ಗಾತ್ರಕ್ಕೆ ಒಂದು ಅಂದಾಜಿನ ಸೂತ್ರ: 1ನ್ನು ಮಾತಾಡಿಸಿದವರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 400 ಜನಕ್ಕೆ ಅಂಕಿ ಶೇ 5ರಷ್ಟು ಆಚೀಚೆ ಆಗಬಹುದು, 2,500 ಜನಕ್ಕೆ ಶೇ 2ರಷ್ಟು. ಇಬ್ಬರ ನಡುವಿನ ಅಂತರಕ್ಕೆ ಇದು ಹೆಚ್ಚೂಕಡಿಮೆ ಇಮ್ಮಡಿಯಾಗುತ್ತದೆ. ಈಗ ‘20 ಸಾವಿರ ಜನರ ಮಹಾ ಸಮೀಕ್ಷೆ, 224 ಕ್ಷೇತ್ರವಾರು ಫಲಿತಾಂಶ’ ಎಂಬ ಜಾಹೀರಾತನ್ನು ತೆಗೆದುಕೊಳ್ಳಿ. ಕ್ಷೇತ್ರಕ್ಕೆ 89 ಜನ ಬಂದರು. ಏರುಪೇರು ಶೇ 10ಕ್ಕಿಂತ ಹೆಚ್ಚು. ಆರು ಸಾವಿರ ಮತದಲ್ಲಿ ತೀರ್ಮಾನವಾಗುವ ಕ್ಷೇತ್ರದ ಬಗ್ಗೆ ಅದು ಏನನ್ನೂ ಹೇಳಲಾರದು.

ಹೋದ ಸಲ ಸರಿ ಹೇಳಿದವರು ಈ ಸಲವೂ ಸರಿ ಎಂಬ ಲೆಕ್ಕವೂ ನಡೆಯದು. ಆಕ್ಸಿಸ್ ಮೈ ಇಂಡಿಯಾ ಎಂಬ ಸಮೀಕ್ಷಾ ಸಂಸ್ಥೆ 2023ರಲ್ಲಿ ಕಾಂಗ್ರೆಸ್‌ಗೆ 122ರಿಂದ 140 ಎಂದು ಹೇಳಿ ಗುರಿ ಮುಟ್ಟಿತು. ಅದೇ ಸಂಸ್ಥೆ 2024ರ ಲೋಕಸಭೆಯಲ್ಲಿ ಎನ್‌ಡಿಎಗೆ 361ರಿಂದ 401 ಎಂದಿತು, ಬಂದದ್ದು 293.

ಸುದ್ದಿಯಿಂದ ಜನರ ಮನಸ್ಸು ಬದಲಾಯಿತೇ?

ಇದನ್ನು ಎಣಿಕೆಯ ಹಾಳೆಯಿಂದ ಹೇಳಲು ಬರುವುದಿಲ್ಲ. ಪತ್ರಿಕೆ ಹೊಗಳಿತು, ಅಭ್ಯರ್ಥಿ ಗೆದ್ದರು ಎಂದ ಮಾತ್ರಕ್ಕೆ ಹೊಗಳಿದ್ದರಿಂದ ಗೆದ್ದರು ಎಂದಾಗದು. ಗೆಲ್ಲುವ ಕುದುರೆಯ ಬಾಲ ಹಿಡಿಯುವ ಪತ್ರಿಕೆಗಳೂ ಇವೆ. ತಿಳಿಯಬೇಕೆಂದರೆ ಅದೇ ಜನರನ್ನು ಎರಡು ಸಲ, ಮೊದಲ ವಾರದಲ್ಲೊಮ್ಮೆ ಕೊನೆಯಲ್ಲೊಮ್ಮೆ, ಮಾತಾಡಿಸಬೇಕು.

ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ಎಂಟು ಮತಗಟ್ಟೆಯ ಮತದಾರರ ಪಟ್ಟಿ ಇಳಿಸಿಕೊಳ್ಳಿ. ಪ್ರತಿ ಪಟ್ಟಿಯಲ್ಲಿ ಸಾವಿರ ಹೆಸರಿದ್ದರೆ ಪ್ರತಿ 20ನೆಯ ಹೆಸರು. ಮತಗಟ್ಟೆಗೆ 50, ಒಟ್ಟು 400. ಬಸ್ ನಿಲ್ದಾಣದಲ್ಲಿ ಸಿಕ್ಕವರನ್ನು ಕೇಳಿದರೆ ಹೊಲಕ್ಕೆ ಹೋದವರು, ಮನೆಯಲ್ಲಿರುವ ಹೆಂಗಸರು ತಪ್ಪಿಹೋಗುತ್ತಾರೆ. ಒಂದೇ ಬೀದಿಯವರು ಒಂದೇ ರೀತಿ ಯೋಚಿಸುವುದರಿಂದ ಈ 400ರ ಬೆಲೆ ಸುಮಾರು 200ಕ್ಕೆ ಇಳಿಯುತ್ತದೆ, ಏರುಪೇರು ಶೇ 7 ಎಂದು ಹಿಡಿಯಿರಿ.

ಯಾರಿಗೆ ಮತ ಎಂದು ಬಾಯಿಬಿಟ್ಟು ಕೇಳಬೇಡಿ. ಅತ್ತೆಯ ಎದುರು ಸೊಸೆ ನಿಜ ಹೇಳುವುದಿಲ್ಲ. ಚಿಹ್ನೆಗಳಿರುವ ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಿಸಿ. ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್ ಕೂಡ ಈ ಬಗೆಯನ್ನೇ ಬಳಸುತ್ತದೆ. ಚೀಟಿಯ ಹಿಂದೆ ಹೆಸರು ಬೇಡ, ಎರಡನೇ ಸುತ್ತಿನಲ್ಲಿ ಹೊಂದಿಸಲು ಒಂದು ಸಂಖ್ಯೆ ಸಾಕು. ಆ ಸಂಖ್ಯೆ ಏಕೆಂದು ಅವರಿಗೆ ಮೊದಲೇ ಹೇಳಿಬಿಡಿ. ಚೀಟಿ ಕೊಡುವ ಮುಂಚೆ ‘ನಮ್ಮ ಕ್ಷೇತ್ರದ ದೊಡ್ಡ ಸಮಸ್ಯೆ ಯಾವುದು?’ ಎಂದು ಕೇಳಿ, ಉತ್ತರ ಸೂಚಿಸದೆ. ಈ ಉತ್ತರಗಳ ಕ್ರಮವನ್ನು ನಿಮ್ಮ ಹಾಳೆಯ ವಿಷಯದ ಕಾಲಂ ಜೊತೆ ಹೋಲಿಸಿ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಚಾಪೆಲ್ ಹಿಲ್ ಎಂಬ ಊರಿನ 100 ಮತದಾರರನ್ನು ಮಾತಾಡಿಸಿ ಮೆಕ್‌ಕಾಂಬ್ಸ್ ಮತ್ತು ಶಾ ಕಂಡುಕೊಂಡದ್ದು ಇದನ್ನೇ: ಮಾಧ್ಯಮ ಎತ್ತಿ ತೋರಿಸಿದ ವಿಷಯಗಳೇ ಜನರಿಗೂ ಮುಖ್ಯವಾಗಿದ್ದವು. ಯಾರಿಗೆ ಮತ ಎಂಬುದಕ್ಕಿಂತ ಯಾವುದರ ಬಗ್ಗೆ ಯೋಚಿಸಬೇಕು ಎಂಬುದರಲ್ಲಿ ಪತ್ರಿಕೆಯ ಕೈ ಹೆಚ್ಚು ಓಡುತ್ತದೆ.

ಎಚ್ಚರ: ಮತದಾನ ಮುಗಿಯುವ ಮುಂಚಿನ 48 ಗಂಟೆ ಅಭಿಪ್ರಾಯ ಸಮೀಕ್ಷೆಯನ್ನು ಟಿವಿ, ಜಾಲತಾಣಗಳಲ್ಲಿ ಪ್ರಸಾರ ಮಾಡುವಂತಿಲ್ಲ. ಮತ ಹಾಕಿ ಹೊರಬಂದವರನ್ನು ಕೇಳುವ ಮತಗಟ್ಟೆ ಸಮೀಕ್ಷೆಗಂತೂ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು ಇದೆ. ನಿಮ್ಮ ಅಂಕಿಗಳು ಮತದಾನ ಪೂರ್ತಿ ಮುಗಿಯುವ ತನಕ ಡಬ್ಬಿಯಲ್ಲೇ ಇರಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಬೇಡ.

ದೂರು ಎಲ್ಲಿಗೆ

ಕಾಸಿಗಾಗಿ ಸುದ್ದಿಯಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಗೆ, ಅಂದರೆ ಎಂಸಿಎಂಸಿಗೆ ಕೊಡಿ. ತಡಮಾಡಬೇಡಿ: ಚುನಾವಣಾಧಿಕಾರಿ ಅಭ್ಯರ್ಥಿಗೆ ನೋಟಿಸ್ ಕೊಡಲು 96 ಗಂಟೆಯ ಗಡುವಿದೆ, ಅಭ್ಯರ್ಥಿ 48 ಗಂಟೆಯಲ್ಲಿ ಉತ್ತರಿಸಬೇಕು. ಸಾಬೀತಾದರೆ ಆ ಜಾಗದ ಬೆಲೆಯನ್ನು ಸರ್ಕಾರಿ ಜಾಹೀರಾತು ದರದಲ್ಲಿ ಲೆಕ್ಕಹಾಕಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಕರ್ನಾಟಕದಲ್ಲಿ ವಿಧಾನಸಭೆಗೆ ಆ ಖರ್ಚಿನ ಮಿತಿ 2022ರ ಪರಿಷ್ಕರಣೆಯಂತೆ 40 ಲಕ್ಷ. ಆದ್ದರಿಂದ ದೂರಿನಲ್ಲಿ ಸುದ್ದಿಯ ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಇರಲೇಬೇಕು. ಎರಡು ಪತ್ರಿಕೆಯ ಒಂದೇ ಬರಹವನ್ನು ಅಕ್ಕಪಕ್ಕ ಅಂಟಿಸಿ, ಹೊಂದುವ ಸಾಲುಗಳ ಕೆಳಗೆ ಗೆರೆ ಎಳೆದು ಕೊಟ್ಟರೆ ಅಧಿಕಾರಿಗೂ ಕೆಲಸ ಸಲೀಸು.

ಪತ್ರಿಕೆಯ ವರದಿ ತಪ್ಪು ಅಥವಾ ಏಕಪಕ್ಷೀಯ ಎನ್ನುವುದಾದರೆ ಮೊದಲು ಸಂಪಾದಕರಿಗೆ ಬರೆಯಬೇಕು. ಉತ್ತರ ಸಮಾಧಾನ ತರದಿದ್ದರೆ ಪತ್ರಿಕಾ ಮಂಡಳಿಗೆ. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಮತ್ತು ಪತ್ರಿಕೆಯ ತುಣುಕಿನೊಂದಿಗೆ. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಇಲ್ಲ. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ವಾಹಿನಿಗೆ ಪ್ರಸಾರವಾದ ಏಳು ದಿನದೊಳಗೆ ಬರೆದು, ಉತ್ತರ ಒಪ್ಪಿಗೆಯಾಗದಿದ್ದರೆ 14 ದಿನದೊಳಗೆ ಸುದ್ದಿವಾಹಿನಿಗಳ ಸಂಘದ ಸ್ವನಿಯಂತ್ರಣ ಸಂಸ್ಥೆಯಾದ ಎನ್‌ಬಿಡಿಎಸ್‌ಎಗೆ ಹೋಗಬೇಕು. ಆ ವಾಹಿನಿ ಅದರ ಸದಸ್ಯ ಹೌದೇ ಎಂದು ಮೊದಲೇ ನೋಡಿಕೊಳ್ಳಿ, ಅಲ್ಲದಿದ್ದರೆ ಅಲ್ಲಿ ಕೇಳುವವರಿಲ್ಲ.

ಯಾವುದೇ ದೂರಿನಲ್ಲಿ ‘ಪಕ್ಷಪಾತಿ ಪತ್ರಿಕೆ’ ಎಂಬ ಪದ ಬರೆಯಬೇಡಿ. ‘ಏಪ್ರಿಲ್ 25ರಿಂದ ಮೇ 8ರವರೆಗೆ ಪಟ್ಟಿಯಲ್ಲಿದ್ದ ಇಷ್ಟು ಸಭೆಗಳಲ್ಲಿ ಇಷ್ಟು ವರದಿಯಾಗಿವೆ, ಇಷ್ಟು ಆಗಿಲ್ಲ’ ಎಂದು ಬರೆದು ಹಾಳೆ ಲಗತ್ತಿಸಿ. ಮೂಲ ಪ್ರತಿಗಳನ್ನು ಮಡಚದೆ, ದಿನಾಂಕದ ಕ್ರಮದಲ್ಲಿ, ಕನಿಷ್ಠ ಆರು ತಿಂಗಳು ಜೋಪಾನವಾಗಿಡಿ. ವಿಚಾರಣೆಯ ದಿನ ಕೇಳುವುದು ಜೆರಾಕ್ಸ್ ಅಲ್ಲ, ಅಸಲು ಪುಟ.